ಕಣ್ಣು ಮುಚ್ಚಿ ಕೂರುವ ಬೆಂಚು

ಜನವರಿ 19

ಪ್ರೀತಿಯ ಕಡ್ಡಿ,

ಈಗ ನಿನ್ನನ್ನು ಕಡ್ಡಿ ಎಂದು ಕರೆದರೆ ನೋಡಿದವರು ನಗುತ್ತಾರೆ, ಗೊತ್ತು. ದರ್ಜಿ ನೀನು, ನಿನ್ನ ಸೊಂಟದ ಅಳತೆ ನಿನಗೇ ಚೆನ್ನಾಗಿ ಗೊತ್ತು. ಆದರೂ ನನಗೆ ನೀನು ಕಡ್ಡಿಯೇ. ಅಮ್ಮ ಹೋದಮೇಲೆ ನಾವಿಬ್ಬರೂ "ಹೇಗಿದ್ದೀಯಾ, ಚೆನ್ನಾಗಿದ್ದೀನಿ" ಬಿಟ್ಟರೆ ಬೇರೆ ಮಾತೇ ಆಡಿಲ್ಲ. ಫೋನಿರುವ ಕಾಲದಲ್ಲಿ ಇವಳೇನು ಪತ್ರ ಬರೆಯುತ್ತಾಳೆ ಎಂದು ಹುಬ್ಬೇರಿಸಬೇಡ. ನಮ್ಮ ಮನೆಯಲ್ಲಿ ನಾನು ಫೋನ್ ಹಿಡಿದರೆ ಸಾಕು, ನಿಮ್ಮ ಭಾವ ಪೇಪರ್ ಮಡಚಿಟ್ಟು ಕಿವಿ ನೆಟ್ಟಗೆ ಮಾಡುತ್ತಾರೆ. ಅತ್ತೆ ಒಳಗಿನಿಂದ "ಯಾರದು? ಯಾರದು?" ಎಂದು ಕೂಗುತ್ತಾರೆ. ಮಗಳು ಬಂದು "ಅಮ್ಮಾ, ನನ್ನ ಚಾರ್ಜರ್ ಎಲ್ಲಿ?" ಎಂದು ಮುಖದ ಮುಂದೆ ನಿಲ್ಲುತ್ತಾಳೆ. ಅದಕ್ಕೇ ಆಫೀಸಿನಲ್ಲಿ, ಊಟದ ಹೊತ್ತಿನಲ್ಲಿ, "ಕೌಂಟರ್ ಮುಚ್ಚಿದೆ" ಎಂಬ ಬೋರ್ಡಿನ ಹಿಂದೆ ಕೂತು ಬರೆಯುತ್ತಿದ್ದೇನೆ. ಬೋರ್ಡ್ ಇದ್ದರೂ ಒಬ್ಬ ಗಾಜು ತಟ್ಟುತ್ತಲೇ ಇದ್ದಾನೆ. ತಟ್ಟಲಿ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ನೀರು ಸರಬರಾಜು ಕಚೇರಿಯ ದೂರು ವಿಭಾಗ. ಯಾರದೋ ಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ, ಅಷ್ಟನ್ನೂ ನಾನೇ ಕುಡಿದು ಕೂತಿದ್ದೇನೆ ಎನ್ನುವ ಹಾಗೆ ಬಂದು ಕೂಗುತ್ತಾರೆ. ಇಡೀ ದಿನ ಅದನ್ನು ಕೇಳಿ ಮನೆಗೆ ಹೋದರೆ ಅಲ್ಲಿ ಇನ್ನೊಂದು ದೂರು ವಿಭಾಗ. ನಿಮ್ಮ ಭಾವ ನಿವೃತ್ತಿಯಾದ ಮೇಲೆ ಅಡುಗೆಮನೆಯನ್ನು ಸುಧಾರಣೆ ಮಾಡಲು ಹೊರಟಿದ್ದಾರೆ. ಡಬ್ಬಿಗಳನ್ನೆಲ್ಲ ಎತ್ತರದ ಲೆಕ್ಕದಲ್ಲಿ ಜೋಡಿಸಿದ್ದಾರೆ. ನೋಡಲು ಚೆನ್ನಾಗಿದೆ, ಆದರೆ ಸಕ್ಕರೆ ಎಲ್ಲಿದೆ ಎಂದು ಅವರಿಗೂ ಗೊತ್ತಿಲ್ಲ. "ಸಕ್ಕರೆ ಎಲ್ಲೇ?" ಎಂದು ನನ್ನನ್ನೇ ಕೇಳುತ್ತಾರೆ! ಟವಲ್ ಎಲ್ಲಿ, ಬೀಗದ ಕೈ ಎಲ್ಲಿ, ಕನ್ನಡಕ ಎಲ್ಲಿ. ಕನ್ನಡಕ ಅವರ ತಲೆಯ ಮೇಲೇ ಇರುತ್ತದೆ. ನನಗೆ ತಲೆ ಚಿಟ್ಟು ಹಿಡಿದುಹೋಗಿದೆ ಕಣೇ.

ಈಗ ಅಸಲು ವಿಷಯ. ಹೋದ ತಿಂಗಳು ಕನ್ನಡಕ ಬದಲಾಯಿಸಲು ಕಣ್ಣಾಸ್ಪತ್ರೆಗೆ ಹೋಗಿದ್ದೆ. ಅಲ್ಲಿ ಒಳಗೆ ಬಿಡುವ ಮೊದಲು ಕಣ್ಣಿಗೆ ಹನಿ ಹಾಕುತ್ತಾರೆ. ಅದು ಹಿಡಿಯುವವರೆಗೂ ಒಂದು ಉದ್ದನೆಯ ಬೆಂಚಿನ ಮೇಲೆ ಕೂರಿಸುತ್ತಾರೆ. ದಪ್ಪ ದನಿಯ ನರ್ಸ್ ಒಬ್ಬಳಿದ್ದಾಳೆ, ನಾನು ಅವಳಿಗೆ ಹನಿ ಸಿಸ್ಟರ್ ಎಂದು ಹೆಸರಿಟ್ಟಿದ್ದೇನೆ. ನನ್ನ ಗಲ್ಲ ಹಿಡಿದು ಮೇಲೆತ್ತಿ ಹನಿ ಬಿಟ್ಟು ಹೇಳಿದಳು: "ಕಣ್ಣು ಮುಚ್ಚಿ. ತೆಗೀಬಾರ್ದು. ಮಾತಾಡ್ಬಾರ್ದು. ನಾನು ಹೇಳೋವರ್ಗೂ ಎದ್ದೇಳ್ಬಾರ್ದು."

ಕಡ್ಡಿ, ನನ್ನ ಜನ್ಮದಲ್ಲಿ ಯಾರೂ ನನಗೆ ಇಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ.

ಕಣ್ಣು ಮುಚ್ಚಿ ಕೂತೆ. ನನ್ನ ಎರಡೂ ಪಕ್ಕದಲ್ಲಿ ಜನ, ಎಲ್ಲರ ಕಣ್ಣೂ ಮುಚ್ಚಿದೆ. ಯಾರೂ ನನ್ನನ್ನು ನೋಡುತ್ತಿಲ್ಲ, ಏನನ್ನೂ ಕೇಳುತ್ತಿಲ್ಲ. ಫ್ಯಾನಿನ ಸದ್ದು, ಯಾರದೋ ಚಪ್ಪಲಿಯ ಸದ್ದು, ಅಷ್ಟೇ. ಸಿಸ್ಟರ್ ಬಂದು ಎಬ್ಬಿಸಿದಾಗ ಅಳುವೇ ಬಂತು. ಅವಳು ಔಷಧಿ ಉರಿಯುತ್ತಿದೆ ಅಂದುಕೊಂಡಳು.

ಅವತ್ತಿನಿಂದ ಹೋಗುತ್ತಲೇ ಇದ್ದೇನೆ. ನನ್ನ ಕಣ್ಣಿಗೇನೂ ಆಗಿಲ್ಲ, ಗಾಬರಿಯಾಗಬೇಡ. ಆಫೀಸು ಮುಗಿದ ಮೇಲೆ ಸುಮ್ಮನೆ ಹೋಗಿ ಬೆಂಚಿನ ಕೊನೆಯಲ್ಲಿ ಕೂತು ಕಣ್ಣು ಮುಚ್ಚುತ್ತೇನೆ. ಸಂಜೆಯ ಗದ್ದಲದಲ್ಲಿ ಯಾರು ಹನಿ ಹಾಕಿಸಿಕೊಂಡವರು, ಯಾರು ಅಲ್ಲ ಎಂದು ಯಾರು ನೋಡುತ್ತಾರೆ? ಮನೆಯಲ್ಲಿ ಬಸ್ಸು ತಡವಾಯಿತು ಎನ್ನುತ್ತೇನೆ. ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು, ನಿನಗೆ ಹೇಳಿದೆ.

ನಿನ್ನ
ಅಕ್ಕ


ಫೆಬ್ರವರಿ 2

ಅಕ್ಕಾ,

ನಿನ್ನ ಪತ್ರ ಬಂತು. ಓದಿ ಮೊದಲು ನಕ್ಕೆ. ಆಮೇಲೆ ಹೊಟ್ಟೆ ಉರಿಯಿತು.

ಅಮ್ಮ ನಮ್ಮ ಮನೆಯಲ್ಲಿದ್ದಾಗ ಎಷ್ಟು ಸಲ ಹೇಳಿದೆ, "ಅಕ್ಕಾ, ಒಂದು ದಿನ ಬಾ, ನಿಮ್ಮೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗೋಣ" ಅಂತ. ನಿನಗೆ ರಜೆ ಸಿಗಲಿಲ್ಲ. ಮಕ್ಕಳ ಪರೀಕ್ಷೆ, ಅತ್ತೆಯ ಕಾಲು, ಆಫೀಸಿನ ಆಡಿಟ್. ಕೊನೆಗೆ ಅಮ್ಮನಿಗೆ ಪೂರ್ತಿ ಕಾಣದಾಯಿತು. ಆಮೇಲೆ ಆರು ವರ್ಷ ಅವರ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದವಳು ನಾನು. ಅಮ್ಮನ ಕಣ್ಣಿಗೆ ಒಂದು ಮಧ್ಯಾಹ್ನ ಸಿಗದವಳಿಗೆ ಈಗ ಏನೂ ಆಗದ ಕಣ್ಣು ಹೊತ್ತುಕೊಂಡು ಹೋಗಿ ಕೂರಲು ದಿನಾ ಸಂಜೆ ಸಿಗುತ್ತದೆ. ಭೇಷ್.

ನನಗೂ ತಲೆ ಚಿಟ್ಟು ಹಿಡಿದಿದೆ, ನಾನು ಯಾವ ಬೆಂಚಿಗೆ ಹೋಗಲಿ? ಶಾಲೆಯ ಸಮವಸ್ತ್ರದ ಬಟ್ಟೆ ಸೂರಿನವರೆಗೂ ಬಿದ್ದಿದೆ. ಇವರು ಸಹಾಯ ಮಾಡುತ್ತೇನೆ ಎಂದು ಅಂಗಡಿಗೆ ಬಂದು ಸ್ಟೂಲನ್ನು ನನ್ನ ದಾರಿಗೇ ಅಡ್ಡ ಇಡುತ್ತಾರೆ. ದಿನಾ ಒಂದು ಸಲ ಎಡವುತ್ತೇನೆ. "ಇಲ್ಲಿ ಇಡ್ಬೇಡಿ ಅಂದ್ರೆ ತಿಳಿಯಲ್ವಾ?" ಅಂದರೆ, "ಅದು ಯಾವಾಗ್ಲೂ ಅಲ್ಲೇ ಇರುತ್ತೆ ಕಣೇ" ಎನ್ನುತ್ತಾರೆ. ಕಾಫಿ ಲೋಟ ತಂದು ಕತ್ತರಿಯ ಪಕ್ಕದಲ್ಲೇ ಇಡುತ್ತಾರೆ, ನನ್ನ ಕೈ ತಗುಲಿ ಬಿಳಿ ಬಟ್ಟೆಯ ಮೇಲೆ ಪೂರ್ತಿ ಚೆಲ್ಲುತ್ತದೆ. ಬುದ್ಧಿ ಇಲ್ಲದ ಜನದ ಮಧ್ಯೆ ಸಾಯುತ್ತಿದ್ದೇನೆ.

ಬರೆಯಬಾರದಿತ್ತೇನೋ. ಹರಿದು ಹಾಕೋಣ ಅಂದುಕೊಂಡೆ. ಇನ್ನೊಂದು ಬರೆಯಲು ಪುರುಸೊತ್ತಿಲ್ಲ, ಇದನ್ನೇ ಕಳಿಸುತ್ತಿದ್ದೇನೆ.

ಕಡ್ಡಿ


ಮಾರ್ಚ್ 21

ಪ್ರೀತಿಯ ಕಡ್ಡಿ,

ಉತ್ತರ ತಡವಾಯಿತು. ಕಾರಣ ನಿನಗೂ ಗೊತ್ತು, ನನಗೂ ಗೊತ್ತು.

ನಿನ್ನ ಪತ್ರ ಬಂದಮೇಲೆ ಬಹಳ ದಿನ ಬೆಂಚಿನ ಕಡೆ ತಲೆ ಹಾಕಲಿಲ್ಲ. ಮೊನ್ನೆ ಹೋದೆ. ಮೊನ್ನೆ ಒಬ್ಬ ಹಿರಿಯರು ಮೂರು ದಿನ ನೀರಿಲ್ಲ ಎಂದು ಖಾಲಿ ಬಕೆಟ್ಟನ್ನೇ ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಮನೆಗೆ ಫೋನ್ ಮಾಡಿದರೆ ನಿಮ್ಮ ಭಾವ "ಫ್ರಿಜ್ಜಿನ ಒಳಗೆಲ್ಲ ತೊಳೆದಿದ್ದೀನಿ, ಈಗ ಅದು ಆನ್ ಆಗ್ತಿಲ್ಲ" ಅಂದರು. ನನ್ನ ಕಾಲುಗಳು ತಾವಾಗಿಯೇ ಆಸ್ಪತ್ರೆಗೆ ಹೋದವು, ನಾನೇನು ಮಾಡಲಿ?

ಕೂತು ಕಣ್ಣು ಮುಚ್ಚಿದೆ. ಹಾಯ್ ಅನಿಸಿತು. ಅಷ್ಟರಲ್ಲಿ ಯಾರೋ ನನ್ನ ಗಲ್ಲ ಹಿಡಿದು ಮೇಲೆತ್ತಿದರು, ರೆಪ್ಪೆ ಬಿಡಿಸಿದರು, ಟಪ್ ಟಪ್ ಎಂದು ಎರಡೂ ಕಣ್ಣಿಗೆ ಹನಿ ಬಿತ್ತು. ಹನಿ ಸಿಸ್ಟರ್! ಸಾಲಾಗಿ ಎಲ್ಲರಿಗೂ ಎರಡನೇ ಸುತ್ತು ಹಾಕುತ್ತಾ ಬಂದಿದ್ದಾಳೆ, ನನಗೂ ಹಾಕಿಬಿಟ್ಟಳು. "ಅಯ್ಯೋ, ನಂಗಲ್ಲ!" ಎಂದು ಬಾಯಿ ಬಿಡುವಷ್ಟರಲ್ಲಿ "ಮಾತಾಡ್ಬಾರ್ದು ಅಂದ್ನಲ್ಲ" ಎಂದು ಗದರಿ ಮುಂದಕ್ಕೆ ಹೋದಳು.

ಆಮೇಲೆ ನಡೆದದ್ದು ಕೇಳು. ಹೆಸರು ಕೇಳಿದರು, ಪಟ್ಟಿಯಲ್ಲಿ ಇಲ್ಲ. ಕಣ್ಣೆಲ್ಲ ಮಂಜಾಗಿದ್ದ ನನ್ನನ್ನು ಕೈ ಹಿಡಿದು ಡಾಕ್ಟರ ಮುಂದೆ ಕೂರಿಸಿದರು. ಡಾಕ್ಟರು ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಮುಖ. ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. "ನಂಗೇನೂ ಆಗಿಲ್ಲ ಡಾಕ್ಟ್ರೇ, ಇಲ್ಲಿ ನೆಮ್ಮದಿಯಾಗಿರುತ್ತೆ ಅಂತ ಬರ್ತೀನಿ" ಅಂದೆ. ಸಿಸ್ಟರ್ "ಆಂ?" ಅಂದಳು. ಡಾಕ್ಟರು ನಗಲೂ ಇಲ್ಲ, ಬೈಯಲೂ ಇಲ್ಲ. "ಜಾಗ ಸಿಕ್ಕಿದ್ರೆ ನಾನೂ ಬಂದು ಕೂರ್ತಿದ್ದೆ" ಅಂದರು. ಆಮೇಲೆ, "ಹೇಗೂ ಹನಿ ಬಿದ್ದಿದೆ, ನೋಡೇ ಬಿಡ್ತೀನಿ ಬನ್ನಿ" ಎಂದು ದೀಪ ಹಿಡಿದು ಇಣುಕಿ ನೋಡಿದರು. ನೋಡುತ್ತಾ ಕೇಳಿದರು: "ಮನೇಲಿ ಯಾರಿಗಾದ್ರೂ ದೃಷ್ಟಿ ಹೋಗಿತ್ತಾ?"

"ನಮ್ಮಮ್ಮಂಗೆ" ಅಂದೆ.

"ಹೇಗೆ ಹೋಯ್ತು?"

"ನಿಧಾನವಾಗಿ. ನೋವಿರ್ಲಿಲ್ಲ. ತೋರಿಸೋಷ್ಟರಲ್ಲಿ ತಡ ಆಗಿತ್ತು."

ಅವರು ದೀಪ ಆರಿಸಿ ನೆಟ್ಟಗೆ ಕೂತರು. ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ ಅಮ್ಮನಿಗೆ ಇದ್ದಿರಬೇಕಂತೆ, ಅದು ಮಕ್ಕಳಿಗೂ ಬರಬಹುದಂತೆ. "ಅದು ಅಂಚಿನಿಂದ ತಿಂತಾ ಬರುತ್ತೆ. ಮಧ್ಯ ಚೆನ್ನಾಗೇ ಕಾಣ್ತಿರುತ್ತೆ, ಅದಕ್ಕೇ ಗೊತ್ತೇ ಆಗಲ್ಲ. ಹೋದದ್ದು ವಾಪಸ್ ಬರಲ್ಲ, ಉಳಿದದ್ದನ್ನ ಉಳಿಸ್ಕೋಬಹುದು" ಅಂದರು. ಒತ್ತಡ ಅಳೆದರು. ನನ್ನದು ಸರಿಯಾಗಿದೆ. "ನಿಮ್ಮ ಜೊತೆ ಹುಟ್ಟಿದವ್ರು ಇದ್ದಾರಾ?" ಎಂದು ಕೇಳಿದರು.

ಇದ್ದೀಯಲ್ಲ ನೀನು. ಒಂದು ದಿನ ಬಂದು ತೋರಿಸಿಕೊಂಡು ಹೋಗು. ವಾದ ಮಾಡಬೇಡ.

ಅವತ್ತು ಮನೆಗೆ ಹೋದಾಗ ಯಾವುದೂ ಕಾಣುತ್ತಿರಲಿಲ್ಲ, ಎಲ್ಲಿದೆ ಎಲ್ಲಿದೆ ಎಂದು ಕೇಳಿದವರಿಗೆಲ್ಲ "ಗೊತ್ತಿಲ್ಲ" ಅಂದೆ. ಎಲ್ಲರಿಗೂ ಎಲ್ಲವೂ ತಾನಾಗಿಯೇ ಸಿಕ್ಕಿತು!

ನಿನ್ನ
ಅಕ್ಕ


ಏಪ್ರಿಲ್ 8

ಅಕ್ಕಾ,

ನೀನು ನಿನ್ನ ನೆಮ್ಮದಿಗೆ ಆಸ್ಪತ್ರೆಗೆ ಹೋಗಿ ಸಿಕ್ಕಿಬಿದ್ದೆ, ಅದಕ್ಕೆ ನಾನು ಬಂದು ಹನಿ ಹಾಕಿಸಿಕೊಳ್ಳಬೇಕಾ? ಚೆನ್ನಾಗಿದೆ ನ್ಯಾಯ.

ನನ್ನ ಕಣ್ಣು ಚೆನ್ನಾಗಿದೆ. ಇವತ್ತಿಗೂ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತೇನೆ. ಪಕ್ಕದ ಅಂಗಡಿಯವಳು ನನ್ನ ಹತ್ತಿರ ಬಂದು ಪೋಣಿಸಿಕೊಂಡು ಹೋಗುತ್ತಾಳೆ, ಗೊತ್ತಾ? ಶಾಲೆ ಶುರುವಾಗುವ ಮೊದಲು ಸಮವಸ್ತ್ರ ಕೊಡದಿದ್ದರೆ ತಾಯಂದಿರೆಲ್ಲ ಬಂದು ನನ್ನನ್ನೇ ಹೊಲಿದು ಹಾಕುತ್ತಾರೆ. ಈಗ ಅಂಗಡಿ ಬಿಟ್ಟು ಬಸ್ಸು ಹತ್ತಲು ಆಗುವುದಿಲ್ಲ.

ಅಲ್ಲದೆ ಮೈಯೆಲ್ಲ ನೋವು. ಮನೆಯ ಬಾಗಿಲಿನ ಚೌಕಟ್ಟಿಗೆ ಎಡಭುಜ ಬಡಿದು ಬಡಿದು ನೀಲಿಯಾಗಿದೆ. ಮನೆ ಕಟ್ಟಿದವನು ಬಾಗಿಲು ಇಡುವಾಗ ಎಲ್ಲಿ ನೋಡುತ್ತಿದ್ದನೋ. ಗಿರಾಕಿಗಳೂ ಹಾಗೆಯೇ. ಬಂದವರು ಎದುರಿಗೆ ನಿಲ್ಲಬಾರದಾ? ಕಳ್ಳರ ಹಾಗೆ ಎಡಗಡೆಯಿಂದ ಬಂದು ನಿಲ್ಲುತ್ತಾರೆ. ನಿನ್ನೆ ಒಬ್ಬಳು "ಆಗ್ಲಿಂದ ನಿಂತಿದ್ದೀನಿ, ತಿರುಗಿ ನೋಡ್ಬಾರ್ದಾ?" ಎಂದು ಜಗಳಕ್ಕೇ ಬಂದಳು. ಮುಖದ ಮೇಲೆ ಹೊಡೆದ ಹಾಗೆ ಉತ್ತರ ಕೊಟ್ಟು ಕಳಿಸಿದೆ. ಇವರು "ನಿಂಗೆ ಇತ್ತೀಚೆಗೆ ಮೂಗಿನ ತುದೀಲೇ ಕೋಪ" ಎನ್ನುತ್ತಾರೆ. ಬರದೆ ಇನ್ನೇನು? ಇಡೀ ಊರು ನನ್ನ ದಾರಿಗೆ ಅಡ್ಡ ನಿಂತಿದೆ.

ಬೇಸಿಗೆ ಕಳೆಯಲಿ, ನೋಡೋಣ.

ಕಡ್ಡಿ


ಏಪ್ರಿಲ್ 12

ಕಡ್ಡಿ,

ನಿನ್ನ ಪತ್ರ ಓದಿದೆ. ಗಾಜು ತಟ್ಟುವವರನ್ನೆಲ್ಲ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ನನ್ನ ಮದುವೆಯ ವರ್ಷ ನೆನಪಿದೆಯಾ? ಅಮ್ಮ ದಿನಾ ಯಾರನ್ನಾದರೂ ಬೈಯುತ್ತಿದ್ದರು. "ಲೋಟ ಇಲ್ಲಿ ಯಾರು ಇಟ್ಟೋರು? ಚಪ್ಪಲಿ ಅಡ್ಡ ಯಾರು ಬಿಟ್ಟೋರು? ಬಾಗಿಲು ಅರ್ಧ ಯಾರು ಮುಚ್ಚಿದೋರು?" ಮಗಳ ಮದುವೆಯ ಚಿಂತೆಗೆ ಸಿಡುಕುತ್ತಾರೆ ಎಂದು ಅಪ್ಪ ನಕ್ಕರು. ನಾವಿಬ್ಬರೂ ಅಮ್ಮನ ಹಾಗೆ ಮಾತಾಡಿ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಮ್ಮನೂ ಆಗ ಸೂಜಿಗೆ ಚೆನ್ನಾಗಿಯೇ ದಾರ ಪೋಣಿಸುತ್ತಿದ್ದರು ಕಣೇ. ನಡುವೆ ಇರುವುದು ಕಾಣುತ್ತಿತ್ತು, ಪಕ್ಕದಲ್ಲಿರುವುದು ಕಾಣುತ್ತಿರಲಿಲ್ಲ.

ಸ್ಟೂಲು, ಕಾಫಿ ಲೋಟ, ಬಾಗಿಲು, ಎಡಗಡೆ ನಿಂತ ಗಿರಾಕಿ. ನಿನ್ನ ಎರಡೂ ಪತ್ರ ಪಕ್ಕಪಕ್ಕ ಇಟ್ಟು ಓದಿದೆ. ಇದು ಕೋಪವಲ್ಲ ಕಡ್ಡಿ. ಎಲ್ಲರೂ ನಿನ್ನ ದಾರಿಗೆ ಅಡ್ಡ ಬರುತ್ತಿಲ್ಲ, ನಿನಗೆ ಅವರು ಕಾಣುತ್ತಿಲ್ಲ.

ಒಂದು ಕೆಲಸ ಮಾಡು. ಮಿಷನ್ನಿನ ಮುಂದೆ ಕೂತು ಬಲಗಣ್ಣು ಮುಚ್ಚಿ, ಎಡಗಣ್ಣಿನಲ್ಲಿ ಸೂಜಿಯನ್ನೇ ನೋಡುತ್ತಿರು. ನಿನ್ನ ಗಂಡ ಕೆಂಪು ದಾರದ ಉಂಡೆ ಹಿಡಿದು ನಿನ್ನ ಎಡಗಿವಿಯ ಪಕ್ಕದಿಂದ ನಿಧಾನವಾಗಿ ಮುಂದೆ ತರಲಿ. ಕಂಡ ತಕ್ಷಣ ಹೂಂ ಅನ್ನು. ಆಮೇಲೆ ಇನ್ನೊಂದು ಕಡೆ. ಡಾಕ್ಟರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಸಮವಸ್ತ್ರ ಹಾಳಾಗಿ ಹೋಗಲಿ. ಮಕ್ಕಳು ಹಳೆಯ ಅಂಗಿ ಹಾಕಿಕೊಂಡು ಹೋದರೆ ಪಾಠ ತಲೆಗೆ ಹತ್ತುವುದಿಲ್ಲವೇನು? ನನಗೆ ಭಯವಾಗುತ್ತಿದೆ. ನೀನು ಬರದಿದ್ದರೆ ನಾನೇ ಬಂದು ಜುಟ್ಟು ಹಿಡಿದು ಎಳೆದುಕೊಂಡು ಬರುತ್ತೇನೆ. ರಜೆಗೆ ಬರೆದುಕೊಟ್ಟಾಗಿದೆ. ಸಿಕ್ಕಿದೆ.

ಅಕ್ಕ


ಏಪ್ರಿಲ್ 17

ಅಕ್ಕಾ,

ಮಾಡಿದೆವು. ಬಲಗಡೆ ಇವರು ಉಂಡೆ ತಂದ ಕೂಡಲೇ ಹೂಂ ಅಂದೆ. ಎಡಗಡೆ ಸುಮ್ಮನೆ ಕೂತಿದ್ದೆ, ಇವರು ಇನ್ನೂ ಶುರು ಮಾಡಿಲ್ಲ ಅಂದುಕೊಂಡು. "ತಮಾಷೆ ಮಾಡ್ಬೇಡ ಕಣೇ" ಅಂದರು. ಉಂಡೆ ಆಗಲೇ ನನ್ನ ಕೆನ್ನೆ ದಾಟಿ ಮುಂದೆ ಬಂದಿತ್ತಂತೆ. ಆಮೇಲೆ ಅವರೇ ಹೋಗಿ ಸ್ಟೂಲನ್ನು ಎತ್ತಿ ಅಂಗಡಿಯ ಹೊರಗಿಟ್ಟು ಬಂದರು. ಹದಿನೈದು ವರ್ಷದಿಂದ ಅದು ಅಲ್ಲೇ ಇತ್ತಕ್ಕ, ಅವರು ಹೇಳಿದ್ದು ನಿಜ.

ನಿನಗೆ ಒಂದು ಮಾತು ಹೇಳುತ್ತೇನೆ. ನನಗೆ ಗೊತ್ತಿರಲಿಲ್ಲ ಅಂದುಕೊಂಡೆಯಾ? ಅಮ್ಮನನ್ನು ನೋಡಿಕೊಂಡವಳು ನಾನು. ಮೊದಲನೇ ಸಲ ಕಾಫಿ ಚೆಲ್ಲಿದಾಗಲೇ ಅಮ್ಮನ ನೆನಪಾಗಿತ್ತು. ತೋರಿಸಿಕೊಂಡರೆ ಹೌದು ಎಂದುಬಿಡುತ್ತಾರೆ ಎಂದು ಹೆದರಿ, ಇವರನ್ನು ಬೈದೆ, ಬಾಗಿಲನ್ನು ಬೈದೆ, ನಿನ್ನನ್ನು ಬೈದೆ. ಬೈಯುತ್ತಿರುವಾಗ ಭಯ ಆಗುತ್ತಿರಲಿಲ್ಲ.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬಾ. ಬಂದಾಗ ನನ್ನ ಬಲಗಡೆ ನಿಂತುಕೋ.

ಕಡ್ಡಿ


ಮೇ 3

ಪ್ರೀತಿಯ ಕಡ್ಡಿ,

ಕ್ಷೇಮವಾಗಿ ತಲುಪಿದೆ ಎಂದು ನಿನ್ನ ಗಂಡ ಫೋನ್ ಮಾಡಿದ್ದರು. ಮೂವರು ಕಿವಿಗೊಟ್ಟು ಕೇಳಿಸಿಕೊಂಡರು, ಆದ್ದರಿಂದ ಬೈಯಬೇಕಾದದ್ದನ್ನು ಈಗ ಬೈಯುತ್ತೇನೆ.

ನನ್ನ ಬೆಂಚನ್ನು ಹಾಳು ಮಾಡಿಬಿಟ್ಟೆ ನೀನು. ಜಗತ್ತಿನಲ್ಲಿ ಮಾತಿಲ್ಲದ ಒಂದೇ ಒಂದು ಜಾಗ ಸಿಕ್ಕಿತ್ತು ನನಗೆ. ಹನಿ ಬಿದ್ದ ಕ್ಷಣದಿಂದ ನಿನ್ನ ಬಾಯಿ ನಿಲ್ಲಲೇ ಇಲ್ಲ. "ಅಕ್ಕಾ, ಇದ್ದೀಯಾ?" "ಇದ್ದೀನಿ ಕಣೇ." "ಅಕ್ಕಾ, ಎಷ್ಟು ಹೊತ್ತಾಯ್ತು?" "ಅಕ್ಕಾ, ಪಕ್ಕದಲ್ಲಿರೋರು ಯಾರು?" "ಅಕ್ಕಾ, ಇದ್ದೀಯಾ?" ಹನಿ ಸಿಸ್ಟರ್ ಬಂದು "ಇಲ್ಲಿ ಮಾತಾಡ್ಬಾರ್ದು" ಎಂದರೆ, "ನಮ್ಮಕ್ಕನ ಹತ್ರ ನಾನು ಮಾತಾಡೋದು, ನಿಮಗೇನ್ರೀ?" ಎಂದೆ. ನನಗೆ ಅಲ್ಲಿ ಎಷ್ಟು ಮರ್ಯಾದೆ ಇತ್ತು ಗೊತ್ತಾ? ಈಗ ನಾನು ಹೋದರೆ ಆ ಸಾಲಿನವರೆಲ್ಲ ನಗುತ್ತಾರೆ.

ಎಡಗಣ್ಣಿನಲ್ಲಿ ಹೋದದ್ದು ಹೋಯಿತು ಎಂದು ಡಾಕ್ಟರು ಹೇಳಿದಾಗ ನೀನು ಅಳಲಿಲ್ಲ. "ಬಲಗಣ್ಣು?" ಎಂದು ಕೇಳಿದೆ. ಅದರ ಅಂಚು ಈಗಷ್ಟೇ ಸವೆಯತೊಡಗಿದೆ, ದಿನಾ ತಪ್ಪದೆ ಔಷಧಿ ಹಾಕಿದರೆ ಉಳಿಸಿಕೊಳ್ಳಬಹುದು ಅಂದರು. ತಪ್ಪಿಸಿದೆ ಎಂದು ನನ್ನ ಕಿವಿಗೆ ಬಿದ್ದರೆ ನೋಡು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ನಿನ್ನ ಗಂಡನಿಗೆ ಹೇಳಿದ್ದೇನೆ, ಅವರು ನಿನ್ನ ಹಾಗಲ್ಲ, ಹೇಳಿದ ಮಾತು ಕೇಳುತ್ತಾರೆ.

ನಿಮ್ಮ ಭಾವನಿಗೆ ಎಲ್ಲ ಗೊತ್ತಾಯಿತು. "ನೆಮ್ಮದಿ ಬೇಕು ಅಂತ ಆಸ್ಪತ್ರೆಗೆ ಹೋಗ್ತಾರೇನೇ? ಮನೇಲೇ ಕಣ್ಣು ಮುಚ್ಕೊಂಡು ಕೂತ್ಕೋಬಾರ್ದಾ?" ಅಂದರು. ಸರಿ ಎಂದು ಕೂತೆ. ಸ್ವಲ್ಪ ಹೊತ್ತಾಗಿರಲಿಲ್ಲ, "ಕಣ್ಣು ಮುಚ್ಚಿದ್ದೀಯಲ್ಲ, ಬರೀ ಬಾಯಲ್ಲಿ ಹೇಳು, ಕತ್ತರಿ ಎಲ್ಲಿದೆ?" ಎಂದರು. ಇವರನ್ನು ಏನು ಮಾಡಲಿ ಹೇಳು.

ನಿನ್ನ
ಅಕ್ಕ


ಮೇ 20

ಅಕ್ಕಾ,

ಔಷಧಿ ಹಾಕುತ್ತಿದ್ದೇನೆ. ಇವರು ಬೆಳಗ್ಗೆ ಸೀಸೆ ಹಿಡಿದು ಹಾಸಿಗೆಯ ಪಕ್ಕದಲ್ಲೇ ನಿಂತಿರುತ್ತಾರೆ, ಬಲಗಡೆ. ಅಂಗಡಿಯಲ್ಲಿ ಮಿಷನ್ ತಿರುಗಿಸಿ ಇಟ್ಟಿದ್ದೇವೆ, ಈಗ ಬಂದವರು ಕಾಣುತ್ತಾರೆ. ಸಮವಸ್ತ್ರ ಅರ್ಧ ಮುಗಿದಿದೆ. ಮಿಕ್ಕ ಮಕ್ಕಳು ನೀನು ಹೇಳಿದ ಹಾಗೆ ಹಳೆಯ ಅಂಗಿಯಲ್ಲೇ ಹೋಗಲಿ. ಅವರ ತಾಯಂದಿರನ್ನು ನಿನ್ನ ಕೌಂಟರಿಗೆ ಕಳಿಸುತ್ತೇನೆ, ಕೂಗುವವರನ್ನು ನೋಡಿ ಅಭ್ಯಾಸ ಇರುವವಳು ನೀನು.

ಫೆಬ್ರವರಿಯಲ್ಲಿ ಬರೆದ ಮಾತನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಅದು ನಿಜ, ನಿನಗೂ ಗೊತ್ತು. ಆದರೆ ಇನ್ನೊಂದು ಮಾತನ್ನೂ ಬರೆಯಬೇಕು. ಅವತ್ತು ನೀನು ಔಷಧಿ ತರಲು ಹೋದಾಗ ಹನಿ ಸಿಸ್ಟರ್ ನನ್ನ ಹತ್ತಿರ ಬಂದು, "ನಿಮ್ಮಕ್ಕ ಎಷ್ಟೋ ತಿಂಗಳಿಂದ ಇಲ್ಲಿಗೆ ಬಂದು ಕಣ್ಣು ಮುಚ್ಚಿ ಕೂರ್ತಾರೆ. ಇವತ್ತು ಒಂದ್ಸಲಾನೂ ಮುಚ್ಚಲಿಲ್ಲ ನೋಡಿ. ನಿಮ್ಮ ಮುಖಾನೇ ನೋಡ್ತಾ ಕೂತಿದ್ರು" ಅಂದಳು.

ನೀನು ಇದನ್ನು ಪತ್ರದಲ್ಲಿ ಬರೆಯಲಿಲ್ಲ. ಬೆಂಚು ಹಾಳಾಯಿತು ಎಂದು ಮಾತ್ರ ಬರೆದೆ. ನನಗೆ ಬಹಳ ಅಳು ಬಂತು ಅಕ್ಕಾ.

ಜೂನ್ 10ಕ್ಕೆ ಮತ್ತೆ ತೋರಿಸಬೇಕು. ಈ ಸಲ ಇವರನ್ನೂ ಕರೆದುಕೊಂಡು ಬರುತ್ತೇನೆ. ಹೆಸರು ಕರೆದಾಗ ಎಬ್ಬಿಸಲು, ಕೈ ಹಿಡಿಯಲು, ಚಪ್ಪಲಿ ಕಾಯಲು, ಎಲ್ಲಕ್ಕೂ ಅವರಿರುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ, ಆಣೆ ಮಾಡಿ ಹೇಳುತ್ತೇನೆ. ನೀನು ನನ್ನ ಎಡಗಡೆ ಕೂತು ನೆಮ್ಮದಿಯಾಗಿ ಕಣ್ಣು ಮುಚ್ಚು.

ಆ ಕಡೆ ನೀನಿದ್ದೀಯ ಎಂದು ಗೊತ್ತಿದ್ದರೆ ಸಾಕು, ನನಗೆ ಕಾಣಬೇಕಾಗಿಲ್ಲ.

ಕಡ್ಡಿ